ನೆಲ ನಿಜಕ್ಕೂ ಡೊಂಕಾಗಿದ್ದಾಗ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ನಮಗೆ ಬಲು ಪ್ರಿಯ. ಯಾವಾಗಲೂ ಇನ್ನೊಬ್ಬರ ಮೇಲೆ ಪ್ರಯೋಗಿಸಬಹುದು ಎನ್ನುವುದೇ ಅದರ ಸೊಗಸು. ಸೋತ ನಾಯಕ ಪಿಚ್ ದೂರಿದ, ಠೇವಣಿ ಕಳೆದುಕೊಂಡ ಅಭ್ಯರ್ಥಿ ಮತಯಂತ್ರ ದೂರಿದ ಎಂದರೆ ಸಾಕು, ಗಾದೆ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಆದರೆ ಗಾದೆ ಕಟ್ಟಿದವರು ಸುಲಭದ ಪ್ರಕರಣವನ್ನೇ ಆರಿಸಿಕೊಂಡಿದ್ದಾರೆ. ಆಕೆಗೆ ಕುಣಿಯಲು ಬಾರದು, ನೆಲ ಸಮವಾಗಿಯೇ ಇದೆ, ಹೇಳಿದ್ದು ಸುಳ್ಳು. ಸುಳ್ಳು ನೆಪವನ್ನು ಹಿಡಿಯುವುದು ಏನು ದೊಡ್ಡ ಕೆಲಸ? ನೆಲವೂ ನಿಜಕ್ಕೂ ಡೊಂಕಾಗಿದ್ದು, ಕುಣಿತವೂ ಕೆಟ್ಟಿದ್ದರೆ ಏನು ಹೇಳೋಣ?

ನಮ್ಮ ಬಹುಪಾಲು ಸೋಲುಗಳು ಈ ಎರಡನೇ ಜಾತಿಯವು. ಬೆಂಗಳೂರಿನಲ್ಲಿ ತಡವಾಗಿ ಬಂದವರು ಟ್ರಾಫಿಕ್ ಎಂದರೆ ಅದು ಸುಳ್ಳಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ ಯಾರ ಕಲ್ಪನೆಯ ಕೂಸೂ ಅಲ್ಲ. ಮಳೆಗೆ ರಸ್ತೆ ಕಿತ್ತುಹೋಯಿತು ಎನ್ನುವ ಗುತ್ತಿಗೆದಾರನೂ ಸುಳ್ಳು ಹೇಳುತ್ತಿಲ್ಲ. ಮಳೆ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಕಾರಣ ನಿಜವಾಗಿದ್ದಷ್ಟೂ ಅದರ ಹಿಂದೆ ಅಡಗಿ ಕೂರುವುದು ಹಿತ. ಯಾರೂ ಎಬ್ಬಿಸಲಾರರು. ಆದ್ದರಿಂದ ಅತ್ಯಂತ ಅಪಾಯಕಾರಿಯಾದ ನೆಪ ಯಾವುದು ಎಂದು ಕೇಳಿದರೆ, ನಿಜವಾದ ಕಾರಣವೇ ಎನ್ನುತ್ತೇನೆ.

ಈ ಮಾತಿಗೆ 1979ರ ಶ್ರೀಹರಿಕೋಟಾದಷ್ಟು ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಕಥೆಯ ಅರ್ಧ ಎಲ್ಲರಿಗೂ ಗೊತ್ತಿದೆ. ಆ ವರ್ಷದ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಮೊದಲ ಸಲ ಹಾರಿತು. ಮೊದಲ ಹಂತ ಸರಿಯಾಗಿ ಉರಿಯಿತು, ಎರಡನೆಯದರಲ್ಲಿ ಹಿಡಿತ ತಪ್ಪಿತು, ಐದು ನಿಮಿಷ ಚಿಲ್ಲರೆಗೆಲ್ಲ ರಾಕೆಟ್ಟು ಬಂಗಾಳಕೊಲ್ಲಿಯ ಪಾಲಾಯಿತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಇಸ್ರೊ ಅಧ್ಯಕ್ಷರು ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನ ಬಿಡುವುದಿಲ್ಲ ಎಂಬ ಷರತ್ತಿನ ಮೇಲೆ ಇಸ್ರೊ ಜವಾಬ್ದಾರಿ ಒಪ್ಪಿಕೊಂಡಿದ್ದ ಮನುಷ್ಯ ಅವರು. ಪತ್ರಕರ್ತರ ಮುಂದೆ ತಾವೇ ಕೂತು ಸೋಲನ್ನು ಮೈಮೇಲೆ ಹಾಕಿಕೊಂಡರು. ಮರುವರ್ಷ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಮಾತ್ರ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಮುಂದೆ ಬಿಟ್ಟರು. ನಾಯಕತ್ವದ ತರಬೇತಿ ಕೊಡುವವರು ಈ ಅರ್ಧವನ್ನು ಹೇಳಿ ಹೇಳಿ ಸವೆಸಿಬಿಟ್ಟಿದ್ದಾರೆ.

ಉಳಿದರ್ಧ ನಡೆದದ್ದು ಪತ್ರಕರ್ತರಿಲ್ಲದ ಕೋಣೆಯಲ್ಲಿ, ವಿಫಲತೆಯ ಪರಾಮರ್ಶೆಗೆ ಎಲ್ಲರೂ ಸೇರಿದ್ದಾಗ. ಅಷ್ಟು ಹೊತ್ತಿಗೆ ಕಾರಣ ಪತ್ತೆಯಾಗಿತ್ತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟಕ್ಕೆ ಕಸ ಸಿಕ್ಕಿ ಅದು ಮುಚ್ಚಿಕೊಳ್ಳಲಿಲ್ಲ, ನೈಟ್ರಿಕ್ ಆಮ್ಲ ಸೋರಿಹೋಯಿತು, ಎರಡನೇ ಹಂತ ಹೊತ್ತಿಕೊಂಡಾಗ ರಾಕೆಟ್ಟನ್ನು ನೇರ ಹಿಡಿಯಲು ಬೇಕಾದ ಆಮ್ಲವೇ ಉಳಿದಿರಲಿಲ್ಲ. ತಜ್ಞರು ಇದನ್ನೆಲ್ಲ ಲೆಕ್ಕ ಸಮೇತ ಮಂಡಿಸಿದರು. ಕವಾಟದ ತಪ್ಪು ಎಂದು ಬರೆದು ಕಡತ ಮುಚ್ಚಬಹುದಿತ್ತು. ಆಗ ಕಲಾಂ ಎದ್ದು ನಿಂತರು. ಸೋರಿಕೆ ಹಾರಾಟಕ್ಕೆ ಮುಂಚೆ, ಕ್ಷಣಗಣನೆ ನಡೆಯುತ್ತಿದ್ದಾಗಲೇ ಕಣ್ಣಿಗೆ ಬಿದ್ದಿತ್ತು. ಅದೇನೂ ದೊಡ್ಡದಲ್ಲ ಎಂದು ತೀರ್ಮಾನಿಸಿದ್ದು ತಾವು. ಹಾರಾಟವನ್ನು ತಡೆಹಿಡಿಯಬೇಕಿತ್ತು, ತಡೆಹಿಡಿಯಲಿಲ್ಲ. ಹಾಗಾಗಿ ಸೋಲಿನ ಹೊಣೆ ತಮ್ಮದು ಎಂದರು.

ಇದನ್ನು ನಮಗೆ ಹೇಳಿದವರೂ ಕಲಾಂ ಅವರೇ, ‘ವಿಂಗ್ಸ್ ಆಫ್ ಫೈರ್’ ಆತ್ಮಕಥೆಯಲ್ಲಿ. ಆತ್ಮಕಥೆಗಳಲ್ಲಿ ಲೇಖಕರು ತುಸು ಎತ್ತರವಾಗಿಯೇ ಕಾಣುವುದು ವಾಡಿಕೆ, ಅಷ್ಟು ಉಪ್ಪು ಸೇರಿಸಿಕೊಂಡೇ ಓದೋಣ. ಆದರೂ ಅವರು ಹೊತ್ತುಕೊಂಡದ್ದು ಏನನ್ನು ಎಂಬುದನ್ನು ಗಮನಿಸಿ. ‘ಎಲ್ಲ ನನ್ನಿಂದಲೇ ಆಯಿತು’ ಎಂದು ಎದೆ ಬಡಿದುಕೊಳ್ಳಲಿಲ್ಲ. ಕವಾಟಕ್ಕೆ ಕಸ ಹಾಕಿದ್ದು ತಾನು ಎನ್ನಲಿಲ್ಲ. ಕವಾಟ ಕೆಟ್ಟದ್ದು ನಿಜವೇ ಎಂದು ಒಪ್ಪಿಕೊಂಡು, ಅದರ ಪಕ್ಕದಲ್ಲಿ ತನ್ನ ಕೈಯಲ್ಲಿದ್ದ ಒಂದೇ ಒಂದು ತೀರ್ಮಾನವನ್ನು ತಂದಿಟ್ಟರು. ಮುಂದುವರಿಯಲೋ, ನಿಲ್ಲಿಸಲೋ? ಮುಂದುವರಿಸಿದೆ. ಆ ಕೋಣೆಯಲ್ಲಿ ಯಾರೂ ಅದನ್ನು ಅವರ ಬಾಯಿಂದ ಹೊರಡಿಸಬೇಕಾಗಿರಲಿಲ್ಲ.

ಹೊಣೆ ಹೊರುವುದೆಂದರೆ ನನ್ನ ಪ್ರಕಾರ ಇಷ್ಟೇ. ಎಂಟು ಕಾರಣಗಳ ನಡುವೆ ನನ್ನ ತೀರ್ಮಾನ ಯಾವುದು ಎಂದು ಬೆರಳಿಟ್ಟು ತೋರಿಸುವುದು. ಇದಕ್ಕಿಂತ ಕಡಿಮೆ ಹೇಳಿದರೆ ಅದು ನೆಪ. ಹೆಚ್ಚು ಹೇಳಿದರೆ ನಾಟಕ.

ನಾಟಕದ ಮಾತು ಬಂದಾಗ ರಾಜಕೀಯವನ್ನು ಬಿಡಲಾಗದು. ‘ನೈತಿಕ ಹೊಣೆ’ ಎಂಬುದು ಎದ್ದಾಗಲೆಲ್ಲ ಲಾಲ್ ಬಹಾದುರ್ ಶಾಸ್ತ್ರಿ ಅವರ ಹೆಸರು ಬರುತ್ತದೆ. 1956ರ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರು ಬಳಿ ಪ್ರವಾಹಕ್ಕೆ ಸೇತುವೆ ಕುಸಿದು ರೈಲು ಹೊಳೆಗೆ ಬಿತ್ತು, 140ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸಚಿವರಾಗಿದ್ದ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಮಹಬೂಬ್‌ನಗರದ ಬಳಿಯ ಅಪಘಾತದ ನಂತರವೂ ಕೊಟ್ಟಿದ್ದರು, ನೆಹರೂ ಒಪ್ಪಿರಲಿಲ್ಲ. ಈ ಸಲ ಒಪ್ಪಿದರು. ಆದರೆ ಸಂಸತ್ತಿನಲ್ಲಿ, ಶಾಸ್ತ್ರಿ ತಪ್ಪಿತಸ್ಥರೆಂದಲ್ಲ, ಸಾಂವಿಧಾನಿಕ ಔಚಿತ್ಯಕ್ಕೊಂದು ಮಾದರಿಯಾಗಲಿ ಎಂದು ಒಪ್ಪುತ್ತಿದ್ದೇನೆ ಎಂಬರ್ಥದಲ್ಲಿ ಮಾತಾಡಿದರು. ಶಾಸ್ತ್ರಿ ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ತೊಂದರೆ ಇರುವುದು ಆ ಮಾದರಿಯಿಂದ ನಾವು ಕಲಿತದ್ದರಲ್ಲಿ. ಪ್ರತಿ ಅಪಘಾತಕ್ಕೂ ‘ಸಚಿವರು ರಾಜೀನಾಮೆ ಕೊಡಲಿ’ ಎನ್ನುತ್ತೇವೆ. ಕೊಟ್ಟರೆ ತೃಪ್ತಿ, ಕೊಡದಿದ್ದರೆ ಧರಣಿ. ಸೇತುವೆಯ ತಪಾಸಣೆ ಯಾರ ಸಹಿಯಿಂದ ಮುಂದೆ ಹೋಯಿತು ಎಂದು ಕೇಳುವ ಹೊತ್ತಿಗೆ ಟಿವಿ ಕ್ಯಾಮೆರಾ ಬೇರೆ ಊರಿಗೆ ಹೊರಟಿರುತ್ತದೆ. ಕುರ್ಚಿ ಬಿಟ್ಟವರು ತ್ಯಾಗಿಯಾಗುತ್ತಾರೆ, ತೀರ್ಮಾನ ಮಾತ್ರ ಅನಾಥವಾಗಿ ಉಳಿಯುತ್ತದೆ.

ಇಸ್ರೊ ಕೂಡ ಸಂತರ ಮಠವೇನಲ್ಲ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಸಂಪರ್ಕ ಕಳೆದುಕೊಂಡ ಕೆಲವೇ ದಿನಗಳಲ್ಲಿ, ಯೋಜನೆ ಶೇಕಡಾ 98ರಷ್ಟು ಯಶಸ್ವಿ ಎಂದು ಅಧ್ಯಕ್ಷರು ಹೇಳಿದರು. ಕಕ್ಷೆಯಲ್ಲಿ ಸುತ್ತುವ ನೌಕೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ನಿಜ. ಆದರೆ ದೇಶವೆಲ್ಲ ಕಣ್ಣುಬಿಟ್ಟು ಕೂತಿದ್ದು ಇಳಿಯುವುದನ್ನು ನೋಡಲು. ಆ ಇಳಿಯುವಿಕೆಗೆ ಎರಡೇ ಅಂಕ ಎಂಬ ಪ್ರಶ್ನೆಪತ್ರಿಕೆಯನ್ನು ಯಾರು ತಯಾರಿಸಿದರೋ!

ಒಳಗಿನ ಲೆಕ್ಕ ಬೇರೆಯೇ ಇತ್ತು ಎನ್ನುವುದು ಮುಂದೆ ಹೊರಬಂತು. ಚಂದ್ರಯಾನ-3 ಹೊರಡುವ ಹೊತ್ತಿಗೆ, 2023ರಲ್ಲಿ, ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಹಿಂದಿನ ಸೋಲನ್ನು ಬಿಡಿಸಿ ಹೇಳಿದರು. ವೇಗ ತಗ್ಗಿಸಬೇಕಿದ್ದ ಐದು ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕಿದವು. ಸಣ್ಣ ಸಣ್ಣ ವ್ಯತ್ಯಾಸಗಳು ಒಂದರ ಮೇಲೊಂದು ಸೇರುತ್ತ ಹೋದವು. ಸರಿಪಡಿಸಿಕೊಳ್ಳಲು ನೌಕೆ ಬೇಗ ತಿರುಗಬೇಕಾಗಿ ಬಂದಾಗ, ತಿರುಗುವ ವೇಗಕ್ಕೆ ತಂತ್ರಾಂಶದಲ್ಲೇ ಮಿತಿ ಹಾಕಲಾಗಿತ್ತು. ಸಾಲದ್ದಕ್ಕೆ ಇಳಿಯಲು ಗುರುತಿಸಿದ್ದ ಜಾಗ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಚಂದ್ರನ ನೆಲಕ್ಕಿಂತ ಡೊಂಕಾದ ನೆಲ ಬೇಕೆ? ಅದನ್ನೇ ದೂರಿದ್ದರೂ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಈ ಪಟ್ಟಿಯಲ್ಲಿ ಚಂದ್ರನ ಸುದ್ದಿಯೇ ಇಲ್ಲ. ತಿರುಗುವ ಮಿತಿ ತಮ್ಮ ತೀರ್ಮಾನ, ಜಾಗದ ಅಳತೆ ತಮ್ಮ ತೀರ್ಮಾನ. ತಮ್ಮದೆಂದು ಒಪ್ಪಿಕೊಂಡದ್ದರಿಂದಲೇ ಅದನ್ನು ಬದಲಿಸಲು ಸಾಧ್ಯವಾಯಿತು. ಹೊಸ ಜಾಗ 4 ಕಿಲೋಮೀಟರ್ ಉದ್ದ, 2.5 ಕಿಲೋಮೀಟರ್ ಅಗಲ. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಾಯಿತು. ಏನೇನು ಸರಿಹೋಗುತ್ತದೆ ಎಂದು ಎಣಿಸುವ ಬದಲು ಏನೇನು ಕೆಡಬಹುದು ಎಂದು ಎಣಿಸಿ ವಿನ್ಯಾಸ ಮಾಡಿದರು. ಆಗಸ್ಟ್ 23ರ ಸಂಜೆ ಏನಾಯಿತೆಂದು ನೆನಪಿಸಬೇಕಾಗಿಲ್ಲ.

ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಇಸ್ರೊ ಅಧ್ಯಕ್ಷರಾಗಿದ್ದ ಕಾಲ ಇನ್ನೂ ಕಠಿಣವಾಗಿತ್ತು. ಎಎಸ್‌ಎಲ್‌ವಿ ರಾಕೆಟ್ಟು 1987ರಲ್ಲಿ ಬಿತ್ತು, 1988ರಲ್ಲಿ ಮತ್ತೆ ಬಿತ್ತು. 1992ರಲ್ಲಿ ಮೂರನೆಯದು ಗೆದ್ದಿತು ಎನ್ನುವಷ್ಟರಲ್ಲಿ 1993ರ ಸೆಪ್ಟೆಂಬರ್‌ನಲ್ಲಿ ಮೊದಲ ಪಿಎಸ್‌ಎಲ್‌ವಿ ಸಮುದ್ರ ಸೇರಿತು. ಅದರ ಮುಖ್ಯ ಕಾರಣಗಳಲ್ಲೊಂದು ತಂತ್ರಾಂಶದ ದೋಷ, ಅಂದರೆ ಯಾರೋ ಕೂತು ಬರೆದ, ಇನ್ನಾರೋ ಪರೀಕ್ಷಿಸಿ ಸರಿ ಎಂದ ಸಾಲುಗಳು. ಆ ಎಂಜಿನಿಯರ್‌ನ ಹೆಸರು ಊರಿಗೆಲ್ಲ ಡಂಗುರವಾಗಲಿಲ್ಲ. ಸಮಿತಿ ತಪ್ಪನ್ನು ಹುಡುಕಿತು, ತಿದ್ದಿತು, ಮರುವರ್ಷ ಅಕ್ಟೋಬರ್‌ನಲ್ಲಿ ಎರಡನೇ ಪಿಎಸ್‌ಎಲ್‌ವಿ ಹಾರಿ ಗುರಿ ಮುಟ್ಟಿತು. ಹೊರಗಿನವರಿಗೆ ಸಂಸ್ಥೆ ಉತ್ತರ ಕೊಡಬೇಕು, ಒಳಗೆ ಮನುಷ್ಯ ಉತ್ತರ ಕೊಡಬೇಕು. ಇದು ಅದಲುಬದಲಾದರೆ, ಅಂದರೆ ಹೊರಗೆ ಒಬ್ಬನ ತಲೆ ಉರುಳಿ ಒಳಗೆ ಎಲ್ಲರೂ ಕಾರಣ ಹೇಳತೊಡಗಿದರೆ, ಏನಾಗುತ್ತದೆ ಎನ್ನುವುದಕ್ಕೆ ಶ್ರೀಹರಿಕೋಟಾದವರೆಗೆ ಹೋಗಬೇಕಾಗಿಲ್ಲ. ನಮ್ಮ ಎಸ್‌ಎಸ್‌ಎಲ್‌ಸಿ ಫಲಿತಾಂಶ ಸಾಕು.

2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿ, ಕೃಪಾಂಕ ಪಡೆಯಲು ಬೇಕಾದ ಅಂಕವನ್ನು ಶೇಕಡಾ 35ರಿಂದ 25ಕ್ಕೆ ಇಳಿಸಿದ ಮೇಲೆ! ಇಳಿಕೆಗೆ ಕಾರಣ ವೆಬ್‌ಕಾಸ್ಟಿಂಗ್, ನಕಲು ನಿಂತಿತು ಎಂದರು. ಇದೂ ನಿಜವಾದ ಕಾರಣವೇ. ಆದರೆ ಸ್ವಲ್ಪ ನಿಂತು ನೋಡಿ. ಕ್ಯಾಮೆರಾ ಬಂದದ್ದರಿಂದ ಇಷ್ಟು ಇಳಿಯಿತು ಎಂದರೆ, ಕ್ಯಾಮೆರಾ ಇಲ್ಲದ ವರ್ಷಗಳ ಅಂಕಿಗಳೇನು? ಆ ಅಂಕಿಗಳನ್ನು ಪತ್ರಿಕಾಗೋಷ್ಠಿಯಲ್ಲಿ ನಗುನಗುತ್ತ ಓದಿದವರು ಯಾರು? ‘ಅಷ್ಟು ವರ್ಷ ನಮಗೆ ಗೊತ್ತಿತ್ತು, ಕಣ್ಣು ಮುಚ್ಚಿಕೊಂಡಿದ್ದೆವು’ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಆ ವರ್ಷ ಉಡುಪಿ ಮೊದಲ ಸ್ಥಾನದಲ್ಲಿತ್ತು, ಯಾದಗಿರಿ ಶೇಕಡಾ 50ರ ಆಸುಪಾಸಿನಲ್ಲಿ ಕೊನೆಯಲ್ಲಿತ್ತು. ಯಾದಗಿರಿಯ ನೆಲ ನಿಜಕ್ಕೂ ಡೊಂಕು. ಶಿಕ್ಷಕರ ಹುದ್ದೆ ಖಾಲಿ, ಅಪ್ಪ ಅಮ್ಮ ಗುಳೆ ಹೋದರೆ ಮಕ್ಕಳೂ ಗಂಟುಮೂಟೆ ಕಟ್ಟುತ್ತಾರೆ, ಹತ್ತಿ ಬಿಡಿಸುವ ಕಾಲಕ್ಕೆ ತರಗತಿ ಅರ್ಧ ಖಾಲಿ. ಇಂಥ ಕಡೆ ಫಲಿತಾಂಶ ಬಿದ್ದ ಕೂಡಲೇ ಹೊಣೆಗಾರಿಕೆ ಬೆಂಗಳೂರಿನಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಆಯುಕ್ತರು ಉಪನಿರ್ದೇಶಕರನ್ನು ಕೇಳುತ್ತಾರೆ, ಉಪನಿರ್ದೇಶಕರು ಬಿಇಒ ಅವರನ್ನು, ಬಿಇಒ ಹೆಡ್ ಮಾಸ್ತರನ್ನು. ಕೊನೆಗೆ ಹೆಡ್ ಮಾಸ್ತರ ಮೇಜಿನ ಮೇಲೆ ಕಾರಣ ಕೇಳಿ ನೋಟಿಸು. ಆ ನೋಟಿಸಿಗೆ ಉತ್ತರ ಬರೆಯುವುದೇ ಒಂದು ಕಲೆ. ಖಾಲಿ ಹುದ್ದೆ, ಪಾಲಕರ ಅನಕ್ಷರತೆ, ಗುಳೆ, ಚುನಾವಣಾ ಕರ್ತವ್ಯ ಎಲ್ಲ ಒಂದೊಂದು ಸಾಲು. ಒಂದೂ ಸುಳ್ಳಲ್ಲ. ಕೇಳಿದವರಿಗೂ ಇದೇ ಬೇಕು; ಕಡತಕ್ಕೆ ಕಾಗದ ಸಿಕ್ಕಿತು.

ಈಗ ಒಬ್ಬ ಹೆಡ್ ಮಾಸ್ತರು ಬೇರೆ ಥರ ಉತ್ತರ ಬರೆದರು ಎಂದುಕೊಳ್ಳೋಣ. ಮೇಲಿನ ಕಾರಣಗಳೆಲ್ಲ ನಿಜ, ಆದರೆ ಒಂಬತ್ತನೇ ತರಗತಿಯಲ್ಲಿ ಒಂದಷ್ಟು ಮಕ್ಕಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಗೊತ್ತಿದ್ದೂ ಹತ್ತನೇ ತರಗತಿಗೆ ಕಳಿಸಿದವನು ನಾನು. ಡಿಸೆಂಬರ್ ನಂತರ ಪಾಸಾಗುವ ಮಕ್ಕಳಿಗಷ್ಟೇ ವಿಶೇಷ ತರಗತಿ ಇರಲಿ, ಉಳಿದವರು ಹಿಂದಿನ ಬೆಂಚಿನಲ್ಲಿ ಕೂರಲಿ ಎಂದು ತೀರ್ಮಾನಿಸಿದವನೂ ನಾನೇ. ಪರಾಮರ್ಶೆಯ ಕೋಣೆಯಲ್ಲಿ ಕಲಾಂ ಆಡಿದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಮಾತಿನಲ್ಲಿ ಏನೂ ಇಲ್ಲ. ಕೇಳಿಸಿಕೊಂಡವರಲ್ಲಿ ಇದೆ. ಅಲ್ಲಿ ಧವನ್ ಕೂತಿದ್ದರು. ತಪ್ಪೊಪ್ಪಿಕೊಂಡ ಕಲಾಂ ಮರುವರ್ಷದ ಹಾರಾಟಕ್ಕೂ ಅದೇ ಕುರ್ಚಿಯಲ್ಲಿದ್ದರು. ಇಲ್ಲಿ ಆ ಕಾಗದ ಇಲಾಖಾ ವಿಚಾರಣೆಗೆ ಮೊದಲ ಸಾಕ್ಷ್ಯವಾಗುತ್ತದೆ. ವೇತನ ಬಡ್ತಿ ನಿಲ್ಲಬಹುದು, ವರ್ಗಾವಣೆ ಆದೀತು. ಪಕ್ಕದ ಶಾಲೆಯಲ್ಲಿ ಚೆಂದವಾಗಿ ಕಾರಣ ಬರೆದವರು ನೆಮ್ಮದಿಯಾಗಿರುತ್ತಾರೆ. ಇದನ್ನು ನೋಡಿದ ಮೂರನೇ ಶಾಲೆಯವರು ಮುಂದಿನ ವರ್ಷ ಏನು ಬರೆಯುತ್ತಾರೆ ಎಂದು ಊಹಿಸಲು ಜ್ಯೋತಿಷಿ ಬೇಡ.

ಹಾಗಾಗಿ ‘ನಮ್ಮ ಜನ ಹೊಣೆ ಹೊರುವುದಿಲ್ಲ’ ಎಂಬ ಗೊಣಗಾಟದಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಯಾರು ಮೊದಲು ಬಾಯಿ ಬಿಡಬೇಕು ಎನ್ನುವುದು ಪ್ರಶ್ನೆ. ಅಂಥ ಪತ್ರ ಮೊದಲು ಬರಬೇಕಾದ್ದು ಯಾದಗಿರಿ ಜಿಲ್ಲೆಯ ಸುರಪುರದ ಹಳ್ಳಿಯೊಂದರಿಂದ ಅಲ್ಲ, ಬೆಂಗಳೂರಿನ ಕಚೇರಿಯಿಂದ. ಶಾಲೆ ತೆರೆದ ಎಷ್ಟು ವಾರಕ್ಕೆ ಅತಿಥಿ ಶಿಕ್ಷಕರ ಆದೇಶ ಹೊರಟಿತು, ಅದುವರೆಗೆ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು, ಕ್ಯಾಮೆರಾ ಇಲ್ಲದ ವರ್ಷಗಳ ಫಲಿತಾಂಶವನ್ನು ನಂಬೋಣ ಎಂದು ತೀರ್ಮಾನಿಸಿದ್ದು ಯಾರು, ಕೃಪಾಂಕ ಏರಿಸಿದ್ದು ಯಾರು. ಇಷ್ಟನ್ನು ಒಂದು ಪುಟದಲ್ಲಿ ಬರೆದು, ಕೆಳಗೆ ಹೆಸರು ಹಾಕಿ ಸಹಿ ಮಾಡಿ ಎಲ್ಲ ಶಾಲೆಗಳಿಗೂ ಕಳಿಸಲಿ. ನೋಟಿಸುಗಳನ್ನು ಅದಾದ ಮೇಲೆ ಕಳಿಸಬಹುದು.