ಮುರಿದ ಬೋಲ್ಟು ಮತ್ತು ನನ್ನ ತಪ್ಪು ಮಾತು

ಮೊನ್ನೆ ಆದಿವಾಲದ ಒಂದು ಗ್ಯಾರೇಜಿನಲ್ಲಿ ಎರಡು ಗಂಟೆ ಕುಳಿತಿದ್ದೆ. ಮೊಮ್ಮಗನ ಬೈಕಿನ ಮುಂದಿನ ಚಕ್ರಕ್ಕೆ ಬ್ರೇಕಿನ ಡಿಸ್ಕನ್ನು ಬಿಗಿಯುವ ಐದು ಬೋಲ್ಟುಗಳಲ್ಲಿ ಒಂದು, ಅವನೇ ಅವಸರದಿಂದ ಬಿಚ್ಚುವಾಗ ಮುರಿದು ಹಬ್ಬಿನೊಳಗೆ ಉಳಿದಿತ್ತು. “ಇನ್ನೂ ನಾಲ್ಕು ಇವೆಯಲ್ಲ ತಾತ, ಸಾಕು” ಎಂದ. ಮೆಕ್ಯಾನಿಕ್ ಒಪ್ಪಲಿಲ್ಲ. “ಬೇಡಿ ಮೇಷ್ಟ್ರೇ, ಹೈವೇಲಿ ಓಡಾಡೋ ಗಾಡಿ.”

ಆತ ನನ್ನ ಹಳೆಯ ವಿದ್ಯಾರ್ಥಿ, ವಿಜ್ಞಾನದಲ್ಲಿ ನಪಾಸಾದವನು.

ಆತ ಮೊದಲು ಹಬ್ಬನ್ನು ಹದವಾಗಿ ಕಾಯಿಸಿದ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಬಳಿಕ ಬೋಲ್ಟಿನ ನಟ್ಟನಡುವೆ ಪಂಚಿನಿಂದ ಗುರುತು ಹೊಡೆದು ಸಣ್ಣ ರಂಧ್ರ ಕೊರೆದ. ರಂಧ್ರ ಓರೆಯಾದರೆ ಹಬ್ಬಿನ ಥ್ರೆಡ್ಡೇ ಹಾಳು. ಅದರೊಳಗೆ ಎಡಸುತ್ತಿನ ಎಕ್ಸ್‌ಟ್ರಾಕ್ಟರ್ ಇಳಿಸಿ ಎಡಕ್ಕೆ ತಿರುಗಿಸಿದ. ತಿರುಗಿಸಿದಷ್ಟೂ ಅದು ಕಚ್ಚಿಕೊಂಡು ಬೋಲ್ಟನ್ನು ಹೊರಗೆ ತರುತ್ತದೆ. ಬಲವಂತ ಮಾಡಿದರೆ ಆ ಗಡಸು ಸಲಕರಣೆಯೇ ಒಳಗೆ ಮುರಿಯುತ್ತದೆ. ಆಗ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು.

ಲೋಹಗಳ ಹಿಗ್ಗುವಿಕೆಯನ್ನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬೋಧಿಸಿದವನು ನಾನು. ಅದರಿಂದ ಒಂದು ಬೋಲ್ಟನ್ನೂ ಬಿಡಿಸಿದವನಲ್ಲ. “ಓದದಿದ್ದರೆ ಗ್ಯಾರೇಜೇ ಗತಿ” ಎಂದು ಈತನನ್ನೇ ತರಗತಿಯ ಮುಂದೆ ಗದರಿದ್ದೆ. ಆ ಮಾತು ತಪ್ಪು. ಅಂದು ಅವಮಾನಿಸಿದ ಆ ಕೈಗಳೇ ಇಂದು ನನ್ನ ಮೊಮ್ಮಗನ ಪ್ರಾಣವನ್ನು ಕಾಯುತ್ತಿವೆ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ತಂದೆತಾಯಿಯರು. ದಯವಿಟ್ಟು ಆ ಮಾತನ್ನು ಯಾವ ಮಗುವಿಗೂ ಆಡಬೇಡಿ.

ಹೊರಡುವಾಗ ಆತನಿಗೆ ಇದನ್ನೇ ಹೇಳಿದೆ. ಆತ ನಕ್ಕು, ಹೊಸ ಬೋಲ್ಟನ್ನು ಮತ್ತೊಮ್ಮೆ ಪರೀಕ್ಷಿಸಿದ.