ಕಾಯಿಲ್ಲದ ಕಂಪು

ಪನ್ನೀರಿನಲ್ಲಿ ಗುಲಾಬಿಯುಂಟು; ಶ್ರೀಗಂಧದೆಣ್ಣೆಯಲ್ಲಿ ಗಂಧದ ಮರದ ಚೇಗಿನ ಸಾರವೇ ಉಂಟು. ಆದರೆ ಪಾಶ್ಚಾತ್ಯ ಸುಗಂಧದ ಸೀಸೆಗಳ ವರ್ಣನೆಯಲ್ಲಿ ಬರುವ ‘ಚೆಸ್ಟ್‌ನಟ್’ ಎಂಬ ಕಂಪಿನಲ್ಲಿ ಸಾಮಾನ್ಯವಾಗಿ ಆ ಕಾಯಿ ಇರುವುದೇ ಇಲ್ಲ. ಹಾಗಾದರೆ ಇದು ಮೋಸವೆ? ವ್ಯಾಪಾರಿಯ ಮಾತನ್ನು ಸಂಶಯಿಸುವುದು ಒಳ್ಳೆಯ ಅಭ್ಯಾಸವೇ ಸರಿ; ಆದರೂ ವಾಚಕರು ಸ್ವಲ್ಪ ತಾಳಬೇಕು.

ಮುಳ್ಳುಹೊದಿಕೆಯೊಳಗೆ ಅಡಗಿದ, ನುಣುಪಾದ ಕಂದು ಸಿಪ್ಪೆಯ ಈ ಕಾಯಿಯಲ್ಲಿ ಬಾದಾಮಿಯಂತೆ ಎಣ್ಣೆ ತುಂಬಿರುವುದಿಲ್ಲ. ಇರುವುದು ಬಹುಮಟ್ಟಿಗೆ ಪಿಷ್ಟ. ಹಸಿಯದಕ್ಕೆ ಹೇಳಿಕೊಳ್ಳುವಂಥ ವಾಸನೆಯೂ ಇಲ್ಲ. ಭಟ್ಟಿಯಿಳಿಸಿ ಅತ್ತರು ಮಾಡುವ ಮಾತು ದೂರವೇ ಉಳಿಯಿತು. ಇದರ ಕಂಪು ಹುಟ್ಟುವುದು ಬೆಂಕಿಯಲ್ಲಿ. ಚಳಿಗಾಲದ ಸಂಜೆ ಪ್ಯಾರಿಸ್ಸಿನ, ರೋಮಿನ ಬೀದಿಗಳಲ್ಲಿ ಕೆಂಡದ ಮೇಲೆ ಇದನ್ನು ಹುರಿದು ಮಾರುತ್ತಾರೆ. ಒಳಗಿನ ಹಬೆಗೆ ಕಾಯಿ ಸಿಡಿಯದಂತೆ ಸಿಪ್ಪೆಯನ್ನು ಮೊದಲೇ ಸೀಳಿರುತ್ತಾರೆ. ಆ ಸೀಳಿನ ಅಂಚು ಕೆಂಪಗಾಗುವಾಗ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಹೊಸ ಪರಿಮಳಗಳನ್ನು ಪಡೆಯುತ್ತವೆ. ಫ್ರಾನ್ಸಿನ ಲೂಯಿ ಕಮಿಯ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಇದರಿಂದ ಹುಟ್ಟುವ ಪೈರಜೀನ್ ವರ್ಗದ ವಸ್ತುಗಳು ಹುರಿದ ಕಡಲೆಕಾಯಿಯಲ್ಲಿಯೂ ಕಾಫಿಬೀಜದಲ್ಲಿಯೂ ಉಂಟಾದುದರಿಂದ, ಚೆಸ್ಟ್‌ನಟ್ಟನ್ನು ಕಾಣದ ನಮ್ಮ ಮೂಗಿಗೂ ಅದು ತೀರ ಅಪರಿಚಿತವಲ್ಲ.

ಸುಗಂಧಕಾರನು ಇಂಥ ದ್ರವ್ಯವನ್ನು ಅತ್ಯಲ್ಪವಾಗಿ ಬೆರೆಸಿ, ವೆನಿಲಾದ ಸಿಹಿಯನ್ನೂ ಹೊಗೆಯ ಛಾಯೆಯನ್ನೂ ಕೂಡಿಸಿ, ಇಲ್ಲದ ಕಾಯಿಯನ್ನು ಕಣ್ಣೆದುರಿಗೆ ತರುತ್ತಾನೆ. 2015ರಲ್ಲಿ ಮೇಜೋನ್ ಮಾರ್ಜೆಲಾ ಸಂಸ್ಥೆ ಹೊರತಂದ ‘ಬೈ ದ ಫೈರ್‌ಪ್ಲೇಸ್’ ಇದಕ್ಕೆ ಹೆಸರಾದ ನಿದರ್ಶನ. ಅದರ ಚೀಟಿಯ ಮೇಲೆ ‘ಶಮೊನಿ, 1971’ ಎಂದು ಊರೂ ವರ್ಷವೂ ಅಚ್ಚಾಗಿವೆ! ಪಾಠ ಹೇಳುವವನ ಚಾಳಿ ಬಿಡದು: ಒಂಬತ್ತನೆಯ ಶತಮಾನದ ಆನಂದವರ್ಧನನು ಕಾವ್ಯದ ಆತ್ಮವೆಂದ ಧ್ವನಿ ಇದೇ ಅಲ್ಲವೆ? ಹೇಳದೆ ಹೊಳೆಯಿಸುವುದು. ಅದನ್ನು ಸುಳ್ಳೆನ್ನಲು ನನ್ನ ಮನಸ್ಸು ಒಪ್ಪದು.

ನನ್ನ ತಕರಾರು ಬೇರೆ. ಸೀಸೆ ಹೊಳೆಯಿಸುವುದು ಬಿಡುವುಳ್ಳವರ ಬೆಚ್ಚನೆಯ ಕೋಣೆಯನ್ನು. ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ಗೋಧಿ ಬೆಳೆಯದ ಬಡವರು ಇದೇ ಕಾಯಿಯನ್ನು ಕಲ್ಲಿನ ಗುಡಿಸಲಿನ ಅಟ್ಟದ ಮೇಲೆ ಹರಡಿ, ಕೆಳಗೆ ವಾರಗಟ್ಟಲೆ ಹೊಗೆ ಹಾಕಿ ಒಣಗಿಸಿ, ಹಿಟ್ಟುಮಾಡಿ ಚಳಿಗಾಲವನ್ನು ದೂಡುತ್ತಿದ್ದರು. ಅವರು ಆ ಮರವನ್ನು ಕರೆದದ್ದು ‘ರೊಟ್ಟಿಯ ಮರ’ ಎಂದು. ಅವರ ಬಟ್ಟೆಗೆ ಹತ್ತಿದ ಹೊಗೆಯನ್ನು ಯಾರೂ ಸುಗಂಧವೆನ್ನಲಿಲ್ಲ.

ಅಮೆರಿಕದ ಕಥೆ ಇನ್ನೂ ಕಠಿನ. 1904ರಲ್ಲಿ ನ್ಯೂಯಾರ್ಕಿನ ಪ್ರಾಣಿಸಂಗ್ರಹಾಲಯದ ಮರಗಳಲ್ಲಿ ಕಾಣಿಸಿಕೊಂಡ, ಏಷ್ಯಾದಿಂದ ಬಂದ ಬೂಷ್ಟುರೋಗವೊಂದು ಅರ್ಧಶತಮಾನದೊಳಗೆ ಅಲ್ಲಿಯ ಮೂರು ನಾಲ್ಕು ನೂರು ಕೋಟಿ ಚೆಸ್ಟ್‌ನಟ್ ಮರಗಳನ್ನು ಕೊಂದಿತು. ರೋಗ ಬೇರನ್ನು ಮುಟ್ಟದು. ಹಳೆಯ ಬುಡಗಳಿಂದ ಇಂದಿಗೂ ಚಿಗುರು ಏಳುತ್ತದೆ. ಫಲ ಬಿಡುವ ಮೊದಲೇ, ಬಹುಪಾಲು, ಅದೇ ರೋಗಕ್ಕೆ ಸಿಕ್ಕಿ ಒಣಗುತ್ತದೆ.