ಕಿಟಕಿ ಅಂತ ಕೊಟ್ಟು ನೋಡಿ

ಫೋಟೋದಲ್ಲಿರೋದು ಮಲ್ಲೇಶ್ವರದ ಒಂದು ಹಳೇ ಮನೆಯ ಕಿಟಕಿ. ಇವತ್ತಿನ ವಿಷಯ ಮನೆ ಅಲ್ಲ, ಆ ಪದ. ಕಿಟಕಿ. ಹಿಂದಿನಿಂದ ಓದಿದ್ರೂ ಕಿಟಕಿ.

ಲ್ಯಾಬ್ ಪರೀಕ್ಷೆ ಹತ್ತಿರ ಬಂತು, ಅರ್ಧ ಕ್ಲಾಸು ಚಾಟ್‌ಬಾಟ್ ಹತ್ರ ಕೋಡ್ ಬರೆಸ್ಕೊಳ್ತಾ ಇದೆ. ಬರೆಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ "ಇದು ಕೋಡಿಂಗ್‌ನಲ್ಲಿ ಸೂಪರ್ ಗುರು, ನಾನೇ ಟೆಸ್ಟ್ ಮಾಡಿದೀನಿ" ಅಂತೀರಲ್ಲ, ಏನು ಕೇಳಿದ್ರಿ? ಫ್ಯಾಕ್ಟೋರಿಯಲ್, ಫಿಬೊನಾಚಿ, ಪ್ರೈಮ್ ನಂಬರ್, ಪ್ಯಾಲಿಂಡ್ರೋಮ್. ಇವಕ್ಕೆ ಇಂಟರ್ನೆಟ್‌ನಲ್ಲಿ ಲೆಕ್ಕವಿಲ್ಲದಷ್ಟು ಉತ್ತರ ಇವೆ, ಮಾಡೆಲ್ ಕಲಿತಿರೋದೂ ಅಂಥ ಪಠ್ಯದಿಂದಲೇ. ಪ್ರಶ್ನೆಪತ್ರಿಕೆ ಮೊದಲೇ ನೋಡಿದವನಿಗೆ ಅದೇ ಪತ್ರಿಕೆ ಕೊಟ್ಟು, "ರ‍್ಯಾಂಕ್ ಬಂತು" ಅಂತ ಕುಣಿದ ಹಾಗಾಯ್ತು.

ನನ್ನ ಪ್ರಕಾರ ಒಳ್ಳೆ ಪರೀಕ್ಷೆಗೆ ಎರಡೇ ಲಕ್ಷಣ. ಸರಿ ಉತ್ತರ ನಿಮಗೆ ಮೊದಲೇ ಗೊತ್ತಿರಬೇಕು. ಬಾಯಿಪಾಠದ ಉತ್ತರ ಅಲ್ಲಿ ಸೋಲಬೇಕು. ಅಂಥ ಪ್ರಶ್ನೆ ಕನ್ನಡ ಬಲ್ಲ ನಮ್ಮ ನಿಮ್ಮ ಕೈಯಲ್ಲೇ ಇದೆ.

ಮೊದಲನೇದು: ಪ್ಯಾಲಿಂಡ್ರೋಮ್.
ಪೈಥಾನ್‌ನಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರೋ ಉತ್ತರ ಒಂದೇ ಸಾಲು: ಪದವನ್ನ ತಿರುಗಿಸು, ಮೊದಲಿನದಕ್ಕೆ ಸಮ ಇದೆಯಾ ನೋಡು. ಕನಕ ಕೊಡಿ, ಟ್ರೂ. ನಮನ ಕೊಡಿ, ಟ್ರೂ. ಕಿಟಕಿ ಕೊಡಿ, ಫಾಲ್ಸ್! ಯಾಕಂದ್ರೆ ಪೈಥಾನ್ ನಮ್ಮ ಅಕ್ಷರ ನೋಡಲ್ಲ, ಯೂನಿಕೋಡ್ ಸಂಕೇತ ನೋಡತ್ತೆ. ಕಿ ಅನ್ನೋದು ಅದಕ್ಕೆ ಎರಡು ಸಂಕೇತ: ಕ, ಆಮೇಲೆ ಗುಡಿಸು. ತಿರುಗಿಸಿದಾಗ ಗುಡಿಸು ಮುಂದೆ ಬರತ್ತೆ, ಪದ ಕೆಡತ್ತೆ. ವಿಕಟಕವಿ, ನವಜೀವನ, ಸಮಾಸ ಎಲ್ಲದಕ್ಕೂ ಇದೇ ಗತಿ.

ನಾನು ಕೇಳಿದ ಒಂದು ಮಾಡೆಲ್ ಆ ಒಂದು ಸಾಲು ಕೊಟ್ಟು, "ಕಿಟಕಿಗೆ ಟ್ರೂ ಬರುತ್ತದೆ" ಅಂತಲೂ ಹೇಳ್ತು. ರನ್ ಮಾಡಿದ್ರೆ ಫಾಲ್ಸ್. "ಯಾಕೆ?" ಅಂದಮೇಲೆ ಕಾರಣವನ್ನ ನೀಟಾಗಿ ಬಿಡಿಸಿ ಹೇಳ್ತು. ಅಂದ್ರೆ ವಿಷಯ ಅದರೊಳಗೆ ಇತ್ತು, ಕೇಳೋವರೆಗೂ ಹೊರಗೆ ಬರಲಿಲ್ಲ. ಕೇಳೋಕೆ ನಿಮಗೆ ಗೊತ್ತಿರಬೇಕು, ಅಷ್ಟೇ.

ಎರಡನೇದು: ಉದ್ದ.
ಕನ್ನಡ ಅನ್ನೋ ಪದದಲ್ಲಿ ಎಷ್ಟು ಅಕ್ಷರ? ನಮಗೆ 3. ಪೈಥಾನ್‌ನ ಲೆನ್‌ಗೆ 5. ಯುಟಿಎಫ್-8 ಬೈಟ್ ಲೆಕ್ಕದಲ್ಲಿ 15. ಲಕ್ಷ್ಮೀ ನಮಗೆ 2, ಲೆನ್‌ಗೆ 7. ಇದು ಬರೀ ತಮಾಷೆ ಅಲ್ಲ. ಹೆಸರಿಗೆ ಇಂತಿಷ್ಟೇ ಜಾಗ ಅಂತ ಯಾರೋ ಬರೆದ ಫಾರ್ಮ್‌ನಲ್ಲಿ ಮೊದಲು ತುಂಡಾಗೋದು ಕನ್ನಡದಲ್ಲಿ ಹೆಸರು ತುಂಬಿದವರದ್ದೇ.

ಮೂರನೇದು: ಅಂಕಿ.
೧೨೩ ಅಂತ ಕನ್ನಡ ಅಂಕಿಯ ಸ್ಟ್ರಿಂಗನ್ನ ಪೈಥಾನ್ 3ರಲ್ಲಿ ಇಂಟ್‌ಗೆ ಕೊಟ್ರೆ ಎರರ್ ಬರತ್ತಾ? ಬರಲ್ಲ. 123 ಸಿಗತ್ತೆ. ಮಾಡೆಲ್ ಏನು ಹೇಳತ್ತೆ, ಕೇಳಿ ನೋಡಿ.

ಇನ್ನೊಂದು ಮಾತು. ಕೋಡ್ ನೋಡಕ್ಕೆ ಚೆನ್ನಾಗಿದೆ ಅಂತ ಮಾರ್ಕ್ಸ್ ಕೊಡಬೇಡಿ, ರನ್ ಮಾಡಿ. 2021ರಲ್ಲಿ ಓಪನ್‌ಎಐನವರು ಹ್ಯೂಮನ್‌ಇವಾಲ್ ಅಂತ 164 ಪ್ರಶ್ನೆಗಳ ಪರೀಕ್ಷೆ ಮಾಡಿದಾಗಲೂ ಕೋಡನ್ನ ಓಡಿಸಿಯೇ ನೋಡಿದ್ರು. ಅವರ ಕೋಡೆಕ್ಸ್ ಮಾಡೆಲ್‌ಗೆ ಒಂದೇ ಅವಕಾಶ ಕೊಟ್ಟಾಗ ಶೇ. 28.8 ಪ್ರಶ್ನೆ ಸರಿಯಾಯ್ತು. ಪ್ರತಿ ಪ್ರಶ್ನೆಗೂ 100 ಉತ್ತರ ಬರೆಸಿದಾಗ ಶೇ. 70.2 ಪ್ರಶ್ನೆಗಳಿಗೆ ಒಂದಾದ್ರೂ ಸರಿ ಉತ್ತರ ಸಿಕ್ತು. ಈಗಿನ ಮಾಡೆಲ್‌ಗಳು ಅದಕ್ಕಿಂತ ಎಷ್ಟೋ ಮುಂದೆ ಹೋಗಿವೆ. ಪಾಠ ಮಾತ್ರ ಹಳೇದೇ: ಒಂದು ಸಲ ಕೇಳಿ "ಸೂಪರ್" ಅನ್ನಬೇಡಿ, ಒಂದು ಸಲ ಕೇಳಿ "ವೇಸ್ಟ್" ಅಂತಲೂ ಅನ್ನಬೇಡಿ.

ಹಾಗಾಗಿ ಈ ವಾರ ಐದು ಪ್ರಶ್ನೆ ಮಾಡಿ. ಉತ್ತರ ಮೊದಲು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಕೇಳಿ, ಓಡಿಸಿ, ಹೊಸ ಚಾಟ್ ತೆಗೆದು ಮತ್ತೆ ಕೇಳಿ. ಸರಿ ಉತ್ತರ ಕೊಟ್ಟಾಗ ಬೇಕಂತಲೇ "ಇದು ತಪ್ಪು" ಅನ್ನಿ. ಕ್ಷಮೆ ಕೇಳಿ ಉತ್ತರ ಬದಲಿಸಿದ್ರೆ, ಅದರ ಧೈರ್ಯ ಎಷ್ಟು ಅಂತ ಗೊತ್ತಾಗತ್ತೆ.

ವೈವಾದಲ್ಲಿ ಎಕ್ಸ್‌ಟರ್ನಲ್ "ಈ ಸಾಲು ಯಾಕೆ?" ಅಂದಾಗ ಚಾಟ್‌ಬಾಟ್ ಪಕ್ಕದಲ್ಲಿ ಇರಲ್ಲ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕನ್ನಡಕ್ಕೆ ಅಂತ 1915ರಲ್ಲೇ ಸಾಹಿತ್ಯ ಪರಿಷತ್ತು ಕಟ್ಟಿದ ಊರು ಇದು, ಚಾಮರಾಜಪೇಟೆಗೆ ಹೋದ್ರೆ ಕಟ್ಟಡ ಇವತ್ತಿಗೂ ಕಾಣತ್ತೆ. ಇದೇ ಊರಿನಲ್ಲಿ ನಾಳೆ ಕೋಡ್ ಬರೆಯೋರು ನಾವು. ಆ ಕೋಡ್‌ನಲ್ಲಿ ಲಕ್ಷ್ಮೀ ಅರ್ಧಕ್ಕೆ ತುಂಡಾದ್ರೆ, ಮಾಡೆಲ್ ಬರೆದಿದ್ದು ಅಂತ ಹೇಳಿ ತಪ್ಪಿಸ್ಕೊಳ್ಳೋಕಾಗಲ್ಲ.

ಹಿಂದೆ ಮುಂದೆ ಒಂದೇ ಥರ ಓದೋ ಕನ್ನಡ ಪದ ಕಮೆಂಟ್‌ನಲ್ಲಿ ಹಾಕಿ. ಗುಣಿತಾಕ್ಷರ ಇರೋದೇ ಬೇಕು, ಕನಕ ನಮನ ನಡೆಯಲ್ಲ.

#ಕನ್ನಡದಲ್ಲಿಕೋಡ್ #ಓಡಿಸಿನೋಡಿ #ಕಿಟಕಿ